ಚಕ್ರ ನೇತಾಡುತ್ತಿರುವಾಗ ಮುಂದಿನ ಆಕ್ಸಲ್‌ಗೆ ವೆಲ್ಡಿಂಗ್ ಮಾಡಿಸಬೇಡಿ

ಆಫ್‌ರೋಡ್ ಗಾಡಿಯ ಮುಂದಿನ ಆಕ್ಸಲ್, ಸಸ್ಪೆನ್ಷನ್ ಎರಡನ್ನೂ ಬದಲಿಸುವ ಯೋಚನೆ ಇದ್ದರೆ, ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮೊದಲು ಇದನ್ನು ಓದಿಬಿಡಿ. ಕಲ್ಲಿನ ಇಳಿಜಾರಿನಲ್ಲಿ, ಪಕ್ಕದಲ್ಲಿ ನನ್ನ ತಮ್ಮ ಕೂತಿದ್ದಾಗ, ನನ್ನ ಬ್ರೇಕ್ ಪೆಡಲ್ ಸರ್ರನೆ ಕೆಳಗಿಳಿಯಿತು. ಆ ದಿನ ನೆನಪಾದರೆ ಈಗಲೂ ಕಾಲು ನಡುಗುತ್ತದೆ.

ನನ್ನದು ಮುಂದೆಯೂ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಹಳೆಯ ಜೀಪ್. ಮುಂದಿನ ಆಕ್ಸಲ್ ಡಾನಾ 30 ಅನ್ನುವ ಮಾದರಿ. ಟೈರನ್ನು 33 ಇಂಚಿಗೆ ಏರಿಸಿದ ಮೇಲೆ ಆ ಆಕ್ಸಲ್‌ಗೆ ಭಾರ ಜಾಸ್ತಿ ಆಗುತ್ತದೆ ಅನ್ನಿಸಿತು. ಅದನ್ನು ತೆಗೆದು ಡಾನಾ 44 ಹಾಕೋಣ, ಜೊತೆಗೆ ಲೀಫ್ ಬದಲು ಸುರುಳಿಯ ಕಾಯಿಲ್ ಸ್ಪ್ರಿಂಗ್ ಮಾಡಿಸೋಣ ಅಂದುಕೊಂಡೆ. ಡಾನಾ 30ರ ಕ್ರೌನ್ ವೀಲ್ (ಒಳಗಿನ ದೊಡ್ಡ ಹಲ್ಲುಚಕ್ರ) ಸುಮಾರು 7.2 ಇಂಚು, 44ರದ್ದು 8.5 ಇಂಚು. ಶಾಫ್ಟ್ ಕೂಡ ದಪ್ಪ. ಆಸೆಯಲ್ಲಿ ತಪ್ಪಿರಲಿಲ್ಲ.

ಹಳೆಯ ಆಕ್ಸಲ್ ಕೊಳ್ಳುವಾಗ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಮೊದಲು ನೋಡಿದ ಆಕ್ಸಲ್‌ನ ಅನುಪಾತ 3.73, ನಿಮ್ಮ ಹಿಂದಿನ ಆಕ್ಸಲ್‌ಗೆ ಸರಿಹೊಂದುತ್ತದೆ ಅಂತ ಮಾರುವವರು ಹೇಳಿದರು. ನಾನು ಮಾತು ನಂಬದೆ ತಿರುಗಿಸಿ ನೋಡಿದೆ. ಡಿಫರೆನ್ಷಿಯಲ್ ಅಂದರೆ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ. ಅವೆರಡನ್ನೂ ಒಟ್ಟಿಗೆ ಕಟ್ಟಿಹಾಕುವ ಲಾಕರ್ ಅದರಲ್ಲಿ ಇಲ್ಲದಿದ್ದರೆ ಇದು ಸುಲಭ. ಒಂದು ಬದಿ ಅಲುಗದಂತೆ ಹಿಡಿದು, ಇನ್ನೊಂದು ಬದಿಯನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಪಿನಿಯನ್ (ಕ್ರೌನ್ ವೀಲನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ನಾಲ್ಕು ಸುತ್ತು ದಾಟಿತು, ಅಂದರೆ 4.10. ಹಿಂದೆ 3.73, ಮುಂದೆ 4.10 ಇಟ್ಟು ಫೋರ್‌ವೀಲ್‌ಗೆ ಹಾಕಿದರೆ, ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 91 ಮೀಟರ್ ಮಾತ್ರ ಹೋಗಲು ನೋಡುತ್ತದೆ. ಆ ಎಳೆದಾಟವನ್ನೆಲ್ಲ ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಮತ್ತು ಶಾಫ್ಟ್‌ಗಳೇ ತಿನ್ನಬೇಕು. ಅದನ್ನು ಬಿಟ್ಟು ಸರಿಯಾದ ಇನ್ನೊಂದನ್ನು ಹುಡುಕಿ ತಂದೆ. ಡಿಫರೆನ್ಷಿಯಲ್‌ನ ಉಂಡೆ ಯಾವ ಬದಿಗಿದೆ ಅನ್ನುವುದನ್ನೂ ನೋಡಿಕೊಂಡಿದ್ದೆ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಶಾಫ್ಟ್ ಹೊರಡುವ ಬದಿಗೇ ಅದು ಇರಬೇಕು.

ಅಲ್ಲಿಂದ ಮುಂದೆ ನಾನು ಸುಮ್ನೆ ನಂಬಿಕೊಂಡು ಕೂತೆ.

ಕೆಲಸ ಒಪ್ಪಿಕೊಂಡವರು ಗಾಡಿಯ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ನಿಲ್ಲಿಸಿದರು. ಆಕ್ಸಲ್ ಕೆಳಗೆ ನೇತಾಡುತ್ತಿತ್ತು. ಹಾಗೆಯೇ ಅಳತೆ ತೆಗೆದು ಬ್ರಾಕೆಟ್‌ಗಳನ್ನೆಲ್ಲ ವೆಲ್ಡ್ ಮಾಡಿಬಿಟ್ಟರು. ಒಂದೇ ದಿನದಲ್ಲಿ ಆಕ್ಸಲ್ ಕೂತಿತು ಅಂತ ನಾನು ಖುಷಿಪಟ್ಟೆ. ನನಗಾದ ತೊಂದರೆಗಳಲ್ಲಿ ಹೆಚ್ಚಿನವು ಆ ಒಂದು ದಿನದಲ್ಲೇ ಹುಟ್ಟಿದವು.

ಟ್ರ್ಯಾಕ್ ಬಾರ್ ಕಥೆ ಕೇಳಿ. ಆಕ್ಸಲ್ ಎಡಕ್ಕೆ ಬಲಕ್ಕೆ ಸರಿಯದಂತೆ ಹಿಡಿಯುವ ಸರಳು ಅದು. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಆಕ್ಸಲ್ ನೇತಾಡುವಾಗ ಅದು ಜಾಸ್ತಿ ಓರೆಯಾಗಿರುತ್ತದೆ. ಗಾಡಿ ನೆಲಕ್ಕಿಳಿದು ಸ್ಪ್ರಿಂಗ್ ಕುಗ್ಗಿದಾಗ ಅಡ್ಡಕ್ಕೆ ಮಲಗುತ್ತದೆ, ಆಕ್ಸಲನ್ನು ಪಕ್ಕಕ್ಕೆ ತಳ್ಳುತ್ತದೆ. 80 ಸೆಂಟಿಮೀಟರ್ ಬಾರ್ ಅಂತ ಇಟ್ಟುಕೊಳ್ಳಿ. ಅದರ ಎರಡು ತುದಿಗಳ ಎತ್ತರದ ವ್ಯತ್ಯಾಸ 20ರಿಂದ 8 ಸೆಂಟಿಮೀಟರ್‌ಗೆ ಇಳಿದರೆ ಆಕ್ಸಲ್ ಎರಡು ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ನನ್ನದರಲ್ಲಿ ಆಗಿದ್ದೂ ಹೆಚ್ಚುಕಡಿಮೆ ಅಷ್ಟೇ. ಸ್ಟ್ಯಾಂಡ್ ಮೇಲೆ ಸರಿಯಾಗಿ ಮಧ್ಯಕ್ಕಿದ್ದ ಆಕ್ಸಲ್ ನೆಲದ ಮೇಲೆ ಒಂದು ಬದಿಗೆ ಇಣುಕುತ್ತಿತ್ತು. ಸ್ಟೀರಿಂಗ್ ಪೆಟ್ಟಿಗೆಯಿಂದ ಚಕ್ರದ ಕಡೆಗೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಈ ಬಾರ್‌ಗೆ ಸಮಾನಾಂತರವಾಗಿ, ಆದಷ್ಟು ಅದರಷ್ಟೇ ಉದ್ದ ಇರಬೇಕು. ನನ್ನದರಲ್ಲಿ ಅದೂ ಇರಲಿಲ್ಲ. ಗುಂಡಿ ಬಂದಾಗಲೆಲ್ಲ ನಾನು ತಿರುಗಿಸದೆಯೇ ಸ್ಟೀರಿಂಗ್ ತಾನಾಗಿ ತಿರುಗುತ್ತಿತ್ತು.

ಬುಷ್‌ಗಳದ್ದೂ ಅದೇ ಗತಿ. ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳುಗಳಿಗೆ ಲಿಂಕ್ ಅನ್ನುತ್ತಾರೆ, ಅವುಗಳ ತುದಿಯ ರಬ್ಬರ್ ತುಂಡೇ ಬುಷ್. ಲಿಂಕ್ ಬೋಲ್ಟ್‌ಗಳನ್ನು ಚಕ್ರ ನೇತಾಡುವಾಗಲೇ ಪೂರ್ತಿ ಬಿಗಿದಿದ್ದರು. ನೆಲಕ್ಕಿಳಿಸಿದಾಗಿನಿಂದ ಒಳಗಿನ ರಬ್ಬರ್ ತಿರುಚಿಕೊಂಡೇ ಇತ್ತು. ಬೇಗ ಹರಿಯಿತು.

ಇನ್ನು ಕ್ಯಾಸ್ಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ, ಮೇಲ್ಭಾಗ ಹಿಂದಕ್ಕೆ ವಾಲಿರುತ್ತದೆ. ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗಲು ಆ ವಾಲಿಕೆಯ ಸಹಾಯವಿದೆ. ಗಾಡಿಯ ಮುಂದಿನ ಚಕ್ರ ತಿರುಗುವ ಅಕ್ಷವೂ ಹಾಗೆಯೇ ಹಿಂದಕ್ಕೆ ವಾಲಿರಬೇಕು. ದೊಡ್ಡ ಟೈರಿನ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಇಡುತ್ತಾರೆ. ತೊಂದರೆ ಏನೆಂದರೆ, ಈ ಕೋನವೂ ಪಿನಿಯನ್ ನೋಡುವ ದಿಕ್ಕೂ ಒಂದಕ್ಕೊಂದು ಅಂಟಿಕೊಂಡಿವೆ. ಪಿನಿಯನ್ ಮೂತಿಯನ್ನು ಮೇಲೆತ್ತಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗೆ (ಬಾಗುವ ಕೀಲಿಗೆ) ಆರಾಮ, ಆದರೆ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಹೆಚ್ಚಿಸಿದರೆ ಮೂತಿ ಕೆಳಗಿಳಿದು ಶಾಫ್ಟ್ ಗುರ್ ಅನ್ನುತ್ತದೆ. ಗಾಡಿ ಎತ್ತರವಾದಷ್ಟೂ ಈ ಜಗಳ ಜಾಸ್ತಿ. ಎರಡೂ ಸರಿ ಬೇಕಾದರೆ ಆಕ್ಸಲ್ ಟ್ಯೂಬಿನ ತುದಿಯಲ್ಲಿರುವ ಸಿ ಆಕಾರದ ತುಂಡುಗಳ ವೆಲ್ಡನ್ನು ಕತ್ತರಿಸಿ, ಬೇಕಾದಷ್ಟು ತಿರುಗಿಸಿ, ಮತ್ತೆ ವೆಲ್ಡ್ ಮಾಡಬೇಕು. ಎರಡೂ ಬದಿ ಒಂದೇ ಕೋನದಲ್ಲಿ ಕೂರಬೇಕು. ಸಮಯ ಹಿಡಿಯುವ ಕೆಲಸ. ನನ್ನ ಗಾಡಿಗೆ ಅದನ್ನು ಮಾಡಲಿಲ್ಲ. ಪಿನಿಯನ್ನನ್ನು ಟ್ರಾನ್ಸ್‌ಫರ್ ಕೇಸಿನ ಕಡೆ ನೆಟ್ಟಗೆ ತಿರುಗಿಸಿ ಬಿಟ್ಟಿದ್ದರು. ಆಮೇಲೆ ಅಳೆಸಿದಾಗ ಕ್ಯಾಸ್ಟರ್ ಒಂದೂವರೆ ಡಿಗ್ರಿ ಬಂತು.

ಮೊದಲ ವಾರ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತಿತ್ತು. ದೊಡ್ಡ ಟೈರ್ ಅಲ್ವಾ, ಅಭ್ಯಾಸವಾಗುತ್ತದೆ ಅಂದರು. ಆಮೇಲೆ ಒಂದು ದಿನ 70 ಕಿಲೋಮೀಟರ್ ವೇಗದಲ್ಲಿ ಸೇತುವೆಯ ಜೋಡಣೆ ದಾಟಿದ ಕೂಡಲೇ ಮುಂದಿನ ಆಕ್ಸಲ್ ಇಡೀ ಒದರಿತು. ಕೈಯಲ್ಲಿ ಸ್ಟೀರಿಂಗ್ ನಿಲ್ಲಲಿಲ್ಲ. ಇದಕ್ಕೆ ಡೆತ್ ವಾಬಲ್ ಅನ್ನುತ್ತಾರೆ. ಅನುಭವಿಸಿದವರಿಗೆ ಆ ಹೆಸರು ಯಾಕೆ ಅಂತ ಗೊತ್ತು. ಹೀಗಾದರೆ ಗಾಬರಿಯಲ್ಲಿ ಒಮ್ಮೆಗೇ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ಇಳಿಯಲು ಬಿಡಿ. ವೇಗ ಚೆನ್ನಾಗಿ ಇಳಿದ ಮೇಲೆಯೇ ಅದು ನಿಲ್ಲುತ್ತದೆ.

ಗಾಡಿ ವಾಪಸ್ ಒಯ್ದರೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕಳಿಸಿದರು. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಕಾರಣ ಹುಡುಕಲು ಇಬ್ಬರು ಸಾಕು. ಗಾಡಿ ಚಕ್ರದ ಮೇಲೆ ನಿಂತಿರಲಿ. ಒಬ್ಬರು ಸ್ಟೀರಿಂಗನ್ನು ಎಡಬಲ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಟ್ರ್ಯಾಕ್ ಬಾರ್‌ನ ತುದಿ, ಎರಡು ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್‌ನ ಜಾಯಿಂಟ್ ಒಂದೊಂದನ್ನೇ ನೋಡುತ್ತಾ ಬರಲಿ. ಎಲ್ಲಿ ಟಕ್ ಅನ್ನುತ್ತದೋ ಅಲ್ಲೇ ಸಡಿಲ. ನಾನು ಇದನ್ನು ಮಾಡಿದ್ದು ತುಂಬಾ ತಡವಾಗಿ. ಟ್ರ್ಯಾಕ್ ಬಾರ್‌ನ ಚಾಸಿ ಕಡೆಯ 14 ಮಿಲಿಮೀಟರ್ ತೂತಿಗೆ 12 ಮಿಲಿಮೀಟರ್ ಬೋಲ್ಟ್ ಹಾಕಿದ್ದರು.

ಅದಕ್ಕೂ ಮೊದಲೇ ಆ ಇಳಿಜಾರು ಬಂತು. ಲೋ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಿದ್ದೆ. ಬಲಗಡೆಯ ಚಕ್ರ ಕಲ್ಲು ಹತ್ತಿತು, ಎಡಗಡೆಯದು ಹಳ್ಳಕ್ಕೆ ಪೂರ್ತಿ ಇಳಿಯಿತು. ಹಳೆಯ ಲೀಫ್ ಸ್ಪ್ರಿಂಗಿನಲ್ಲಿ ಚಕ್ರ ಅಷ್ಟು ಕೆಳಗೆ ಹೋಗುತ್ತಲೇ ಇರಲಿಲ್ಲ. ಕಾಯಿಲ್ ಹಾಕಿಸಿದ್ದೇ ಅದಕ್ಕೆ. ಆದರೆ ಬ್ರೇಕಿನ ರಬ್ಬರ್ ಹೋಸ್ ಮಾತ್ರ ಹಳೆಯದೇ, ಅದೇ ಉದ್ದ. ಬ್ರೇಕ್ ಒತ್ತಿದೆ, ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಹಿಂದಿನ ಬ್ರೇಕಿನ ಸರ್ಕ್ಯೂಟ್ ಬೇರೆ ಇದ್ದಿದ್ದಕ್ಕೆ ಮತ್ತು ಲೋ ಗೇರ್ ಇದ್ದಿದ್ದಕ್ಕೆ ಗಾಡಿ ನಿಂತಿತು. ತಮ್ಮ ಹಾರಿ ಇಳಿದು ಚಕ್ರದ ಮುಂದೆ ಕಲ್ಲು ಕೊಟ್ಟ. ಬಗ್ಗಿ ನೋಡಿ, "ಅಣ್ಣಾ, ಹೋಸ್ ಕಿತ್ಕೊಂಡು ಬಂದಿದೆ, ಎಣ್ಣೆಯೆಲ್ಲ ಸುರೀತಾ ಇದೆ" ಅಂದ. ಅವನ ಮುಖ ಬಿಳಿಚಿಕೊಂಡಿತ್ತು.

ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಎಲ್ಲ ಬಿಚ್ಚಿಸಿದೆ. ಇನ್ನೂ ಒಂದು ಸಿಕ್ಕಿತು. ಮೇಲಿನ ಲಿಂಕಿನ ಬ್ರಾಕೆಟ್ಟನ್ನು ಡಿಫರೆನ್ಷಿಯಲ್‌ನ ಎರಕದ ಕಬ್ಬಿಣಕ್ಕೆ ನೇರವಾಗಿ ವೆಲ್ಡ್ ಮಾಡಿದ್ದರು. ಮೊದಲು ಕಾಯಿಸಿಲ್ಲ, ನಿಕಲ್ ರಾಡ್ ಬಳಸಿಲ್ಲ, ನಿಧಾನವಾಗಿ ಆರಲು ಬಿಟ್ಟಿಲ್ಲ. ವೆಲ್ಡಿನ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು ಓಡಿತ್ತು. ಇನ್ನೆರಡು ಸಲ ಕಲ್ಲು ಹತ್ತಿಸಿದ್ದರೆ ಬ್ರಾಕೆಟ್ ಕೈಗೆ ಬರುತ್ತಿತ್ತು ಅಂತ ಅವರು ತೋರಿಸಿದರು.

ಈ ಹೊಸ ಮೆಕ್ಯಾನಿಕ್ ಕೆಲಸ ಮಾಡುವ ರೀತಿಯೇ ಬೇರೆ. ಸ್ಪ್ರಿಂಗ್ ತೆಗೆದಿಟ್ಟು, ಬ್ರಾಕೆಟ್‌ಗಳಿಗೆ ಚುಕ್ಕಿ ವೆಲ್ಡ್ ಮಾತ್ರ ಹಾಕಿ, ಆಕ್ಸಲನ್ನು ಜ್ಯಾಕಿನಿಂದ ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಆಡಿಸಿ ನೋಡುತ್ತಾರೆ. ಒಂದು ಬದಿ ಮೇಲೆ, ಇನ್ನೊಂದು ಕೆಳಗೆ ಮಾಡಿಯೂ ನೋಡುತ್ತಾರೆ. ಡಿಫರೆನ್ಷಿಯಲ್ ಎಂಜಿನ್ನಿನ ಎಣ್ಣೆ ತೊಟ್ಟಿಗೆ ಬಡಿಯುತ್ತದಾ, ಟೈರ್ ಮಡ್‌ಗಾರ್ಡಿಗೆ ತಾಗುತ್ತದಾ, ಶಾಕ್ ಅಬ್ಸಾರ್ಬರ್ ಪೂರ್ತಿ ಮುಚ್ಚಿಕೊಳ್ಳುತ್ತದಾ ಅಂತ ನೋಡಿಕೊಂಡು, ಆಕ್ಸಲ್ ಮೇಲೇರುವುದನ್ನು ತಡೆಯುವ ಬಂಪ್ ಸ್ಟಾಪಿನ ಎತ್ತರ ಗುರುತು ಮಾಡುತ್ತಾರೆ. ಗಾಡಿ ತನ್ನ ಭಾರದಲ್ಲಿ ನಿಲ್ಲುವ ಎತ್ತರಕ್ಕೆ ಆಕ್ಸಲ್ ತಂದು ಕ್ಯಾಸ್ಟರ್ ಮತ್ತು ಟ್ರ್ಯಾಕ್ ಬಾರ್ ಅಳೆಯುತ್ತಾರೆ. ಪೂರ್ತಿ ವೆಲ್ಡಿಂಗ್ ಆಮೇಲೆ. ಬುಷ್ ಬೋಲ್ಟ್ ಕೊನೆಯ ಬಿಗಿತ ಇನ್ನೂ ಆಮೇಲೆ, ಗಾಡಿ ಚಕ್ರದ ಮೇಲೆ ನಿಂತಾಗ. ನೀವು ಕೆಲಸ ಒಪ್ಪಿಸುವವರು ಈ ಆಡಿಸಿ ನೋಡುವ ಹಂತ ಬೇಡ ಅಂದರೆ, ಗಾಡಿ ತೆಗೆದುಕೊಂಡು ವಾಪಸ್ ಬನ್ನಿ.

ನಿನ್ನೆ ಬ್ರೇಕ್ ಹೋಸ್ ಅಳತೆ ತೆಗೆದೆವು. ಎಡ ಚಕ್ರವನ್ನು ಪೂರ್ತಿ ಕೆಳಗಿಳಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ತಮ್ಮನೇ ಟೇಪ್ ಹಿಡಿದಿದ್ದ. ಹಳೆಯದಕ್ಕಿಂತ 11 ಸೆಂಟಿಮೀಟರ್ ಉದ್ದ ಬೇಕಾಗಿತ್ತು.