ಕ್ಲಿಂಚ್ ಕಲಿಯಲು ಗರಡಿ ಮೇಲೋ, ಮುವಾಯ್ ಥಾಯ್ ಮೇಲೋ?

ಎದೆಗೆ ಎದೆ ಕೊಟ್ಟು ನಿಂತು, ಕುತ್ತಿಗೆಗಾಗಿ, ತೋಳಿಗಾಗಿ, ಕಂಕುಳ ಒಳಗಿನ ಜಾಗಕ್ಕಾಗಿ ಸೆಣಸುವ ಕಾದಾಟಕ್ಕೆ ಈಗ ಎಲ್ಲರೂ ಕ್ಲಿಂಚ್ ಎನ್ನುತ್ತಾರೆ. ನಾನು ಅದನ್ನು ಮೂರು ಕಡೆ ಕಲಿತೆ. ಮೈಸೂರಿನ ಗರಡಿಯಲ್ಲಿ ಎರಡು ವರ್ಷ, ಥಾಯ್ಲೆಂಡಿನ ಗುದ್ದು, ಒದೆ, ಮೊಣಕಾಲೇಟಿನ ಕಾದಾಟವಾದ ಮುವಾಯ್ ಥಾಯ್‌ನ ಬೆಂಗಳೂರಿನ ತರಗತಿಯಲ್ಲಿ ಮೂರು ವರ್ಷ, ನಡುವೆ ನಾಲ್ಕು ತಿಂಗಳು ಜೂಡೊ. ಬುನಾದಿ ಎಲ್ಲಿ ಹಾಕಿಕೊಳ್ಳಬೇಕು ಎಂದು ಹೊಸಬರು ಕೇಳುತ್ತಾರೆ. ನನ್ನ ಮೈ ಮೇಲೆ ಪರೀಕ್ಷೆಯಾದದ್ದನ್ನಷ್ಟೇ ಬರೆಯುತ್ತೇನೆ.

ಜೂಡೊವನ್ನು ಮೊದಲೇ ಬದಿಗಿಡುತ್ತೇನೆ. 1882ರಲ್ಲಿ ಜಿಗೊರೊ ಕಾನೊ ಆರಂಭಿಸಿದ ಆ ವಿದ್ಯೆಯ ಮೇಲೆ ನನಗೆ ಅಪಾರ ಗೌರವವಿದೆ. ಎದುರಾಳಿಯ ಸಮತೋಲ ಕೆಡಿಸುವ ಕ್ಷಣವನ್ನು ಅಷ್ಟು ಸ್ಪಷ್ಟವಾಗಿ ನನಗೆ ತೋರಿಸಿಕೊಟ್ಟದ್ದು ಅದೇ. ಆದರೆ ಅಲ್ಲಿ ಕೈಗೆ ಸಿಗುವುದು ಬಟ್ಟೆ. ಒಂದು ಕೈ ಅಂಗಿಯ ಕೊರಳಂಚಿಗೆ, ಇನ್ನೊಂದು ತೋಳಿಗೆ. ಅಂಗಿಯಿಲ್ಲದ, ಬೆವರಿದ ಮೈಯನ್ನು ಹಿಡಿಯಬೇಕಾಗಿ ಬಂದಾಗ ನಾಲ್ಕು ತಿಂಗಳು ಬಲಿತ ಬೆರಳುಗಳಿಗೆ ಹಿಡಿಯಲು ಏನೂ ಸಿಗಲಿಲ್ಲ.

ಗರಡಿಯಲ್ಲಿ ಉಸ್ತಾದರು ಮೊದಲ ತಿಂಗಳು ನಮಗೆ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ದಂಡ, ಬಸ್ಕಿ ಮುಗಿದ ಮೇಲೆ ಮಣ್ಣಿಗಿಳಿಸಿ ಜೋಡಿ ಜೋಡಿಯಾಗಿ ನಿಲ್ಲಿಸುತ್ತಿದ್ದರು. ನನ್ನ ಬಲಗೈ ಅವನ ಕಂಕುಳೊಳಗೆ, ಎಡಗೈ ಅವನ ತೋಳಿನ ಮೇಲೆ, ಅವನದೂ ಹಾಗೆಯೇ. ಅಲ್ಲಿಂದ ಇಬ್ಬರೂ ಹೊರಗಿರುವ ಕೈಯನ್ನು ಒಳಕ್ಕೆ ನುಸುಳಿಸಬೇಕು. ಎಡ, ಬಲ, ಮತ್ತೆ ಎಡ, ಉಸಿರು ಕಟ್ಟುವ ತನಕ. ಎಣ್ಣೆ, ಅರಿಶಿನ ಬೆರೆತ ಕೆಂಪು ಮಣ್ಣನ್ನು ಒಬ್ಬರ ಹೆಗಲಿಗೆ ಒಬ್ಬರು ಎರಚಿಕೊಂಡರೆ ಬೆವರಿನ ಜಾರಿಕೆ ಕಡಿಮೆಯಾಗಿ ಹಿಡಿತ ಕೂರುತ್ತದೆ. ಉಸ್ತಾದರ ಕೈಯಲ್ಲಿ ಒಂದು ಸಣ್ಣ ಬೆತ್ತ. ಮೊಣಕೈ ಪಕ್ಕೆಯಿಂದ ದೂರ ಸರಿದ ಕೂಡಲೇ ಅದು ಮೊಣಕೈಯನ್ನು ಮೆಲ್ಲಗೆ ಮುಟ್ಟುತ್ತಿತ್ತು. “ನಿನ್ನ ಹಣೆಯನ್ನು ಅವನ ಎದೆಗೆ ಹೊಲಿದುಬಿಡು ಮಗನೇ” ಎನ್ನುತ್ತಿದ್ದರು. ತಲೆ ತಗ್ಗಿರಬೇಕು, ಸೊಂಟ ಹಿಂದಿರಬೇಕು. ಏಕೆಂದರೆ ಕುಸ್ತಿಯಲ್ಲಿ ಎದುರಾಳಿ ಕಾಲಿಗೂ ಕೈ ಹಾಕಬಹುದು. ನೇರ ನಿಂತವನ ಕಾಲು ಮೊದಲು ಹೋಗುತ್ತದೆ.

ಈ ತಗ್ಗಿದ ತಲೆಯನ್ನು ಹೊತ್ತುಕೊಂಡೇ ನಾನು ಮುವಾಯ್ ಥಾಯ್ ತರಗತಿಗೆ ಹೋದೆ. ಮೊದಲ ವಾರವೇ ಜೊತೆಗಾರನ ಮೊಣಕಾಲು ಮೂಗಿಗೆ ಬಡಿಯಿತು. ಅವನು ಮೆತ್ತೆ ಕಟ್ಟಿಕೊಂಡು ನಿಧಾನವಾಗಿಯೇ ಎತ್ತಿದ್ದ. ಆದರೂ ಕಣ್ಣಲ್ಲಿ ನೀರು ಬಂತು. ತಪ್ಪು ಅವನದಲ್ಲ, ಬಗ್ಗಿದ್ದವನು ನಾನು. ತರಬೇತುದಾರರು ಬಂದು ನನ್ನ ಗದ್ದಕ್ಕೆ ಎರಡು ಬೆರಳು ಕೊಟ್ಟು ತಲೆಯೆತ್ತಿಸಿ, “ಗೋಡೆಯ ಗಡಿಯಾರ ಕಾಣುತ್ತಿದೆಯೇ? ಹಿಡಿತದಲ್ಲಿ ಇರುವಷ್ಟು ಹೊತ್ತೂ ಅದು ಕಾಣುತ್ತಿರಬೇಕು” ಎಂದರು.

ಎರಡು ಶಾಲೆಗಳ ನಡುವಿನ ನಿಜವಾದ ವ್ಯತ್ಯಾಸ ಇದು: ತಲೆ ಎಲ್ಲಿರಬೇಕು ಎಂಬ ಪ್ರಶ್ನೆಗೆ ಎರಡೂ ತದ್ವಿರುದ್ಧ ಉತ್ತರ ಕೊಡುತ್ತವೆ, ಎರಡೂ ಸರಿ. ಬಾಕ್ಸಿಂಗ್‌ನಲ್ಲಿ ಇಬ್ಬರು ತಬ್ಬಿಕೊಂಡರೆ ರೆಫರಿ ಬಿಡಿಸುತ್ತಾರೆ. ಥಾಯ್ಲೆಂಡಿನಲ್ಲಿ ಹಾಗಲ್ಲ, ಮೂರು ಮೂರು ನಿಮಿಷಗಳ ಐದು ಸುತ್ತುಗಳಲ್ಲಿ, ಹಿಡಿತದೊಳಗೆ ಕೆಲಸ ನಡೆಯುತ್ತಿರುವವರೆಗೆ ಆಟ ಸಾಗುತ್ತದೆ, ಮೊಣಕಾಲಿನ ಹೊಡೆತಕ್ಕೂ ಎದುರಾಳಿಯನ್ನು ಕೆಡವಿದ್ದಕ್ಕೂ ಬೆಲೆಯಿದೆ. ಆದ್ದರಿಂದ ಅಲ್ಲಿ ಬೆನ್ನು ನೆಟ್ಟಗಿರಬೇಕು, ಸೊಂಟ ಎದುರಾಳಿಗೆ ಅಂಟಿರಬೇಕು. ನಡುವೆ ಜಾಗ ಬಿಟ್ಟರೆ ಮೊಣಕಾಲಿಗೆ ದಾರಿ ಬಿಟ್ಟಂತೆ.

ಹೊಸಬರೆಲ್ಲ ಆಸೆಪಡುವುದು ಎರಡೂ ಕೈಗಳಿಂದ ಕತ್ತನ್ನು ಹಿಡಿಯುವ ಪಟ್ಟಿಗೆ. ಬೆರಳಿಗೆ ಬೆರಳು ಹೆಣೆಯಬಾರದು. ಒಂದು ಅಂಗೈಯ ಹಿಂದೆ ಇನ್ನೊಂದು ಅಂಗೈ. ಹಿಡಿಯಬೇಕಾದದ್ದು ಕತ್ತಿನ ಬುಡವನ್ನಲ್ಲ, ತಲೆಯ ಹಿಂಭಾಗವನ್ನು. ಮೇಲೆ ಹಿಡಿದಷ್ಟೂ ಸುಲಭವಾಗಿ ಬಗ್ಗುತ್ತದೆ. ಮುಂಗೈಗಳು ಎದುರಾಳಿಯ ಕೊರಳಮೂಳೆಗೆ ಒತ್ತಿ, ಮೊಣಕೈಗಳು ಕೂಡಿಕೊಂಡಿರಬೇಕು. ಹಿಡಿತ ಕೂತರೆ ಎದುರಿನವನು ತಲೆಯೆತ್ತಲಾರ. ಆದರೆ ಬಲ್ಲವನ ಮೇಲೆ ಇದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನಗಿಂತ ಒಂದು ಗೇಣು ಎತ್ತರದ ಜೊತೆಗಾರ ಹೀಗೆ ಹಿಡಿದಾಗಲೆಲ್ಲ ನನ್ನನ್ನು ಕಾಪಾಡಿದ್ದು ಗರಡಿ. ಬೆನ್ನು ನೆಟ್ಟಗೆ ಮಾಡಿ, ಸೊಂಟ ಮುಂದೂಡಿ, ಅವನ ಎರಡು ತೋಳುಗಳ ನಡುವೆ ನನ್ನ ಒಂದು ಕೈ ತೂರಿಸುವುದು. ಆ ತೂರಿಸುವಿಕೆಯನ್ನು ನಾನು ಮಣ್ಣಿನಲ್ಲಿ ಸಾವಿರ ಸಲ ಮಾಡಿದ್ದೆ. ಇಂದು ನಾನು ಹೆಚ್ಚು ನಂಬುವ ಹಿಡಿತ ಒಂದು ಕೈ ಕತ್ತಿಗೆ, ಇನ್ನೊಂದು ಕೈ ಅವನ ತೋಳಿನ ಒಳಮಡಿಕೆಗೆ.

ಮೈಗೆ ಬೀಳುವ ಹೊರೆಯೂ ಬೇರೆ. ಗರಡಿಯಲ್ಲಿ ನೋಯುವುದು ಸೊಂಟ, ತೊಡೆ, ಉಜ್ಜಿ ಉಜ್ಜಿ ಕೆಂಪೇರುವ ಕಿವಿ. ಥಾಯ್ ಅಭ್ಯಾಸದಲ್ಲಿ ಕತ್ತು. ಮೊದಲ ಬಾರಿ ಇಪ್ಪತ್ತು ನಿಮಿಷ ಬಿಡದೆ ಎಳೆದಾಡಿದ ಮರುದಿನ, ಬಸ್ಸಿನಲ್ಲಿ ಹಿಂದೆ ತಿರುಗಿ ನೋಡಲು ಇಡೀ ಮೈಯನ್ನೇ ತಿರುಗಿಸಬೇಕಾಯಿತು. ಎರಡು ಕಡೆಯೂ ಉಗುರು ಕತ್ತರಿಸಿರಬೇಕು, ಅಭ್ಯಾಸ ಮುಗಿದ ಕೂಡಲೇ ಸ್ನಾನ ಮಾಡಬೇಕು. ಹುಳಕಡ್ಡಿ ಒಬ್ಬನಿಂದ ಇಡೀ ತಂಡಕ್ಕೆ ಹರಡಲು ಹೆಚ್ಚು ದಿನ ಬೇಡ.

ಒಂದೇ ಕಡೆ ಹೋಗಲು ಸಾಧ್ಯವೆನ್ನುವವರಿಗೆ ನನ್ನ ಮಾತು: ಮುಂದೆ ಗುದ್ದು, ಒದೆ ಇರುವ ಕಾದಾಟಕ್ಕೆ ಇಳಿಯುವವರು ಮುವಾಯ್ ಥಾಯ್‌ನಿಂದಲೇ ಆರಂಭಿಸಲಿ. ಬಗ್ಗುವ ಅಭ್ಯಾಸ ಬಿಡಿಸಿಕೊಳ್ಳಲು ನನಗೆ ಐದು ತಿಂಗಳು ಹಿಡಿಯಿತು. ಗುದ್ದು, ಒದೆ ಬೇಡ, ಹಿಡಿತದ ಬಲ ಬೇಕು ಎನ್ನುವವರಿಗೆ ಗರಡಿಗೆ ಸಮನಾದದ್ದು ನಾನು ಕಂಡಿಲ್ಲ. ಮೈಸೂರಿನವರು ದಸರಾ ಸಮಯದಲ್ಲಿ ದೊಡ್ಡಕೆರೆ ಮೈದಾನದ ಅರಸು ಕ್ರೀಡಾಂಗಣಕ್ಕೆ ಹೋಗಿ ಕುಸ್ತಿ ನೋಡಬೇಕು. ಬಿದ್ದವರನ್ನಲ್ಲ, ಬೀಳುವುದಕ್ಕೆ ಮೊದಲು ಯಾರ ಮೊಣಕೈ ಪಕ್ಕೆ ಬಿಟ್ಟಿತು ಎಂಬುದನ್ನು ನೋಡಬೇಕು.

ಭಾನುವಾರ ಬೆಳಿಗ್ಗೆ ಗೆಳೆಯನೊಬ್ಬ ಮನೆಗೆ ಬರುತ್ತಾನೆ. ತಾರಸಿಯ ಮೇಲೆ ಹತ್ತು ನಿಮಿಷ ಉಸ್ತಾದರ ಎಡ-ಬಲ, ಆಮೇಲೆ ಮೂರು ನಿಮಿಷಗಳ ಐದು ಸುತ್ತು ಕತ್ತಿನ ಹಿಡಿತ. ಗಡಿಯಾರದ ಬದಲು ಎದುರುಮನೆಯ ನೀರಿನ ತೊಟ್ಟಿಯನ್ನು ನೋಡುತ್ತೇವೆ.