ಎರಡನೆಯ ಹೆಸರಿಗೆ ಎಷ್ಟು ತೂಕ: ಮಾಟುಂಗದ ಐದು ಸಂಜೆಗಳ ತರಗತಿಯೊಂದರ ವಿಮರ್ಶೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯ ಆಯ್ಕೆಯು ಮತದಾರನ ಮನಸ್ಸನ್ನು ಎಷ್ಟರಮಟ್ಟಿಗೆ ತಿರುಗಿಸುತ್ತದೆ ಎಂಬ ಒಂದೇ ಪ್ರಶ್ನೆಗೆ ಐದು ಸಂಜೆಗಳನ್ನು ಮೀಸಲಿಟ್ಟ ಕನ್ನಡ ತರಗತಿಯೊಂದು ಮುಂಬಯಿಯಲ್ಲಿ ನಡೆಯುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮಾಟುಂಗ ಪೂರ್ವದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಓದುಗರ ಬಳಗವೊಂದು ಕಳೆದ ಮಳೆಗಾಲದಲ್ಲಿ ಏರ್ಪಡಿಸಿದ್ದ ಈ ತರಗತಿಯ ಶುಲ್ಕ 750 ರೂಪಾಯಿ. ಅದರಲ್ಲಿ 40 ಪುಟಗಳ ಕೈಪಿಡಿಯೂ ಪ್ರತಿ ಸಂಜೆ ಒಂದು ಲೋಟ ಕಾಫಿಯೂ ಸೇರಿದ್ದವು. ಫಾಸ್ಟ್ ಗಾಡಿಗಳು ಮಾಟುಂಗದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಐದು ಶನಿವಾರ ಹೋಗಿಬಂದವನ ಲೆಕ್ಕ ಇದು.

ಮೊದಲಿಗೆ ಕೈಪಿಡಿಯ ಕುರಿತು ಒಂದು ತಕರಾರು. ರನ್ನಿಂಗ್ ಮೇಟ್, ಅಂದರೆ ಅಧ್ಯಕ್ಷೀಯ ಅಭ್ಯರ್ಥಿಯ ಜೊತೆಗೆ ನಿಲ್ಲುವ ಉಪಾಧ್ಯಕ್ಷ ಅಭ್ಯರ್ಥಿ, ಎಂಬುದಕ್ಕೆ ಅದರ ಉದ್ದಕ್ಕೂ ‘ಸಹಚರ’ ಎಂಬ ಪದವನ್ನು ಬಳಸಲಾಗಿದೆ. ನಿಘಂಟಿನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಾಲ್ಕು ದಶಕ ಈ ಊರಿನ ಕನ್ನಡ ಪತ್ರಿಕೆಗಳನ್ನು ಓದಿದವರಿಗೆ ಸಹಚರ ಎಂದೊಡನೆ ನೆನಪಾಗುವುದು ಭೂಗತ ದೊರೆಯ ಬಂಟನೇ ಹೊರತು ಸೆನೆಟರ್ ಅಲ್ಲ. ‘ಕೆನಡಿಯ ಸಹಚರ ಜಾನ್ಸನ್’ ಎಂಬ ಶೀರ್ಷಿಕೆಯನ್ನು ಓದಿ ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು.

ಪಾಠ ಹೇಳಿದವರು ರಾಜ್ಯಶಾಸ್ತ್ರದ ನಿವೃತ್ತ ಅಧ್ಯಾಪಕರು. ಅವರ ಮೊದಲ ಸಂಜೆಯ ಪಾಠ ನಿಜಕ್ಕೂ ಸೊಗಸಾಗಿತ್ತು. ಆರಂಭದ ಚುನಾವಣೆಗಳಲ್ಲಿ ಎರಡನೆಯ ಸ್ಥಾನ ಪಡೆದವನೇ ಉಪಾಧ್ಯಕ್ಷನಾಗುತ್ತಿದ್ದುದು, ಅದರಿಂದಾಗಿ 1796ರಲ್ಲಿ ಪರಸ್ಪರ ವಿರೋಧಿಗಳಾದ ಆಡಮ್ಸ್ ಮತ್ತು ಜೆಫರ್ಸನ್ ಒಂದೇ ಸರ್ಕಾರದಲ್ಲಿ ಕೂರಬೇಕಾಗಿ ಬಂದುದು, 1800ರಲ್ಲಿ ಜೆಫರ್ಸನ್ ಮತ್ತು ಬರ್ ಇಬ್ಬರಿಗೂ ತಲಾ 73 ಎಲೆಕ್ಟೋರಲ್ ಮತ (ಅಧ್ಯಕ್ಷನನ್ನು ಆರಿಸಲು ರಾಜ್ಯಗಳು ಗೊತ್ತುಪಡಿಸುವ ಪ್ರತಿನಿಧಿಗಳ ಮತ) ಬಿದ್ದು ಪ್ರತಿನಿಧಿ ಸಭೆಯು 36 ಬಾರಿ ಮತ ಹಾಕಿದ ಮೇಲಷ್ಟೇ ತೀರ್ಮಾನವಾದುದು, ಕೊನೆಗೆ 1804ರ 12ನೇ ತಿದ್ದುಪಡಿಯು ಎರಡು ಹುದ್ದೆಗಳಿಗೂ ಬೇರೆ ಬೇರೆ ಮತವನ್ನು ಗೊತ್ತುಪಡಿಸಿದುದು, ಇವೆಲ್ಲವನ್ನೂ ಅವರು ಒಂದು ಕಾಗದವನ್ನೂ ನೋಡದೆ ಹೇಳಿದರು. ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಸದಸ್ಯರು. 1974ರಲ್ಲಿ ಆ ಸ್ಥಾನಕ್ಕೆ ಬಂದು 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆಗಿದ್ದ ನಮ್ಮ ಬಿ.ಡಿ. ಜತ್ತಿಯವರ ಹೆಸರು ಆ ಹುದ್ದೆಗಾಗಿ ಯಾವ ಸಾಮಾನ್ಯ ಮತದಾರನ ಮತಪತ್ರದಲ್ಲಿಯೂ ಇರಲಿಲ್ಲ. ಉಪಮುಖ್ಯಮಂತ್ರಿಯ ಹುದ್ದೆಯಂತೂ ಸಂವಿಧಾನದಲ್ಲಿಯೇ ಇಲ್ಲ. ಫಲಿತಾಂಶ ಬಂದ ಮೇಲೆ ಪಕ್ಷಗಳು ಕುಳಿತು ಹಂಚಿಕೊಳ್ಳುವ ಪದವಿ ಅದು. ಈ ಹಿನ್ನೆಲೆಯವರಿಗೆ ಜೋಡಿಯಾಗಿ ಮತ ಕೇಳುವ ಪದ್ಧತಿಯನ್ನು ವಿವರಿಸುವುದು ಸುಲಭವಲ್ಲ.

ಎರಡನೆಯ ಸಂಜೆ ಅವರು ಹೂಡಿದ ಪ್ರಯೋಗಕ್ಕಾಗಿಯೇ ಶುಲ್ಕದ ಅರ್ಧದಷ್ಟು ಕೊಡಬಹುದು. ನಮಗೆಲ್ಲ ಎರಡು ಚೀಟಿಗಳನ್ನು ಹಂಚಲಾಯಿತು. ಮೊದಲ ಹಳದಿ ಚೀಟಿಯಲ್ಲಿ ಇಬ್ಬರು ಕಲ್ಪಿತ ಅಧ್ಯಕ್ಷೀಯ ಅಭ್ಯರ್ಥಿಗಳ ಹೆಸರು ಮತ್ತು ಅವರವರ ಪರಿಚಯ ಮಾತ್ರ ಇದ್ದವು. ಎರಡನೆಯ ಬಿಳಿ ಚೀಟಿಯಲ್ಲಿ ಅದೇ ಹೆಸರುಗಳ ಕೆಳಗೆ ಉಪಾಧ್ಯಕ್ಷ ಅಭ್ಯರ್ಥಿಗಳ ಹೆಸರುಗಳಿದ್ದರೂ, ನಿಜವಾದ ಅಮೆರಿಕನ್ ಮತಪತ್ರದಲ್ಲಿರುವಂತೆ, ಜೋಡಿಗೊಂದೇ ಅಂಡಾಕಾರದ ಗುರುತು ಇತ್ತು; ಅಧ್ಯಕ್ಷನನ್ನು ಒಂದು ಕಡೆಯಿಂದಲೂ ಉಪಾಧ್ಯಕ್ಷನನ್ನು ಇನ್ನೊಂದು ಕಡೆಯಿಂದಲೂ ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಎಣಿಸಿ ನೋಡಿದಾಗ 31 ಮಂದಿಯಲ್ಲಿ ಮತ ಬದಲಿಸಿದವರು ಇಬ್ಬರೇ. ಆಗ ವಡಾಲದಲ್ಲಿ ಹೋಟೆಲು ನಡೆಸುವ ಕುಂದಾಪುರದ ಕಡೆಯ ಹಿರಿಯರೊಬ್ಬರು ಎದ್ದು ಹೇಳಿದ ಮಾತು ನನ್ನ ಮಟ್ಟಿಗೆ ಇಡೀ ತರಗತಿಯ ತಿರುಳು: “ಗಿರಾಕಿ ಬರುವುದು ದೋಸೆಗೆ ಸಾರ್, ಗಲ್ಲಾದಲ್ಲಿ ಕೂತವನ ಮುಖ ನೋಡಲಿಕ್ಕಲ್ಲ. ಆದರೆ ಗಲ್ಲಾದಲ್ಲಿ ಯಾರನ್ನು ಕೂರಿಸಿದ್ದಾನೆ ಅಂತ ನೋಡಿದರೆ ಯಜಮಾನನ ಬುದ್ಧಿ ಎಷ್ಟು ಅಂತ ಗೊತ್ತಾಗ್ತದೆ.” ಅಧ್ಯಾಪಕರು ಒಂದು ಕ್ಷಣ ಸುಮ್ಮನಿದ್ದು, ಈ ವಿಷಯವನ್ನು ವಿವರವಾಗಿ ಅಧ್ಯಯನ ಮಾಡಿದ ಕ್ರಿಸ್ಟೋಫರ್ ಡಿವೈನ್ ಮತ್ತು ಕೈಲ್ ಕಾಪ್ಕೊ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞರಿಬ್ಬರ ತೀರ್ಮಾನವೂ ಹೆಚ್ಚುಕಡಿಮೆ ಇದೇ ಎಂದರು: ಉಪಾಧ್ಯಕ್ಷ ಅಭ್ಯರ್ಥಿಯು ತಾನಾಗಿ ತರುವ ಮತ ಅತ್ಯಲ್ಪ, ಅವರನ್ನು ಆರಿಸಿದವರ ವಿವೇಚನೆಯ ಬಗೆಗೆ ಮತದಾರನಲ್ಲಿ ಮೂಡುವ ಅಭಿಪ್ರಾಯದ ಮೂಲಕವೇ ಆ ಆಯ್ಕೆ ಕೆಲಸ ಮಾಡುತ್ತದೆ.

ಇದಕ್ಕೆ ಅವರು ಕೊಟ್ಟ ನಿದರ್ಶನ 1972ರದು. ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಅವಸರದಲ್ಲಿ ಆರಿಸಿಕೊಂಡ ಥಾಮಸ್ ಈಗಲ್‌ಟನ್ ಅವರು ಹಿಂದೆ ಖಿನ್ನತೆಗಾಗಿ ಆಸ್ಪತ್ರೆ ಸೇರಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದರೆಂಬುದು ಆಮೇಲೆ ಹೊರಬಿತ್ತು. ಮೆಕ್‌ಗವರ್ನ್ ಮೊದಲು ‘ಸಾವಿರ ಪ್ರತಿಶತ’ ಬೆಂಬಲ ಘೋಷಿಸಿ, ಕೆಲವೇ ದಿನಗಳಲ್ಲಿ ಅವರನ್ನು ಕೈಬಿಟ್ಟರು. ಈಗಲ್‌ಟನ್ ಅಭ್ಯರ್ಥಿಯಾಗಿದ್ದುದು ಬರೇ 18 ದಿನ. ನವೆಂಬರಿನಲ್ಲಿ ನಿಕ್ಸನ್ ಅವರಿಗೆ 520 ಎಲೆಕ್ಟೋರಲ್ ಮತ, ಮೆಕ್‌ಗವರ್ನ್ ಅವರಿಗೆ 17. ನಿಕ್ಸನ್ ಹೇಗಿದ್ದರೂ ಗೆಲ್ಲುತ್ತಿದ್ದರು, ಸರಿ; ಆದರೆ ಜನ ಆ ಬೇಸಿಗೆಯಲ್ಲಿ ಅಳೆದದ್ದು ಈಗಲ್‌ಟನ್ ಅವರ ಆರೋಗ್ಯಕ್ಕಿಂತ ಹೆಚ್ಚಾಗಿ ಮೆಕ್‌ಗವರ್ನ್ ಅವರ ಮಾತಿನ ಗಟ್ಟಿತನವನ್ನು ಎಂಬ ಅಧ್ಯಾಪಕರ ವಿವರಣೆ ಒಪ್ಪುವಂತಿತ್ತು.

ಹೀಗಿರುವಾಗ ಮೂರನೆಯ ಸಂಜೆ ಅದೇ ಅಧ್ಯಾಪಕರು ತಮ್ಮ ಮಾತನ್ನು ತಾವೇ ಮರೆತದ್ದೇಕೆಂದು ನನಗೆ ಇಂದಿಗೂ ತಿಳಿಯದು. ಉಪಾಧ್ಯಕ್ಷ ಅಭ್ಯರ್ಥಿಯು ತನ್ನ ತವರು ರಾಜ್ಯವನ್ನು ಗೆದ್ದುಕೊಡುತ್ತಾನೆ ಎಂಬ ಹಳೆಯ ನಂಬಿಕೆಯನ್ನು ಅವರು ಕೋಷ್ಟಕವೊಂದರ ಸಮೇತ ಸಿದ್ಧಾಂತದಂತೆ ಮಂಡಿಸಿದರು. 1960ರ ಟೆಕ್ಸಸ್ ನಿಜವಾಗಿಯೂ ಬಲವಾದ ಉದಾಹರಣೆ: 1952 ಮತ್ತು 1956ರಲ್ಲಿ ಐಸೆನ್‌ಹೋವರ್ ಅವರಿಗೆ ಒಲಿದಿದ್ದ ಆ ರಾಜ್ಯದಲ್ಲಿ, ಲಿಂಡನ್ ಜಾನ್ಸನ್ ಜೊತೆಗಿದ್ದ ಕೆನಡಿ ಸುಮಾರು 46,000 ಮತಗಳಿಂದ ಗೆದ್ದು 24 ಎಲೆಕ್ಟೋರಲ್ ಮತ ಪಡೆದರು. ಆದರೆ ಕೋಷ್ಟಕದ ಉಳಿದ ಸಾಲುಗಳು ನಿಲ್ಲುವಂಥವಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಜೊತೆಗಿದ್ದ ಟಿಮ್ ಕೇನ್ ತಮ್ಮ ವರ್ಜೀನಿಯಾವನ್ನು ತಂದುಕೊಟ್ಟರೆಂದು ಅದರಲ್ಲಿದೆ. 2008 ಮತ್ತು 2012ರಲ್ಲಿ ಕೇನ್ ಇಲ್ಲದೆಯೇ ಒಬಾಮ ಅಲ್ಲಿ ಗೆದ್ದಿದ್ದರು. 2004ರಲ್ಲಿ ಜಾನ್ ಎಡ್ವರ್ಡ್ಸ್ ಅವರ ನಾರ್ತ್ ಕ್ಯಾರೊಲಿನಾ, 2012ರಲ್ಲಿ ಪಾಲ್ ರಯಾನ್ ಅವರ ವಿಸ್ಕಾನ್ಸಿನ್ ಎದುರು ಪಕ್ಷಕ್ಕೆ ಹೋದವು. ಈ ಎರಡೂ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಅಲ್ ಗೋರ್ ಅಂತೂ 2000ದಲ್ಲಿ ಸ್ವತಃ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದೂ ಸ್ವಂತ ಟೆನೆಸಿಯನ್ನೇ ಕಳೆದುಕೊಂಡರು. ಅದೇ ವರ್ಷ ಬುಷ್ ಆರಿಸಿದ ಡಿಕ್ ಚೇನಿಯವರ ವಯೋಮಿಂಗ್‌ಗೆ ಇದ್ದುದು ಮೂರೇ ಎಲೆಕ್ಟೋರಲ್ ಮತ, ಅವೂ ರಿಪಬ್ಲಿಕನ್ನರ ಜೇಬಿನಲ್ಲಿಯೇ ಇದ್ದವು. ಬುಷ್ ಅವರಿಗೆ ರಾಷ್ಟ್ರಮಟ್ಟದ ಆಡಳಿತದ ಅನುಭವ ಕಡಿಮೆಯೆಂಬ ಟೀಕೆಗೆ ಉತ್ತರವಾಗಿ ಬಂದ ಆಯ್ಕೆ ಅದು. ನಾನು ಇದನ್ನು ಪ್ರಶ್ನೋತ್ತರದ ಹೊತ್ತಿನಲ್ಲಿ ಎತ್ತಿದಾಗ “ಅಪವಾದಗಳು ಇದ್ದೇ ಇರುತ್ತವೆ” ಎಂಬ ಉತ್ತರ ದೊರೆಯಿತು. ಗೆದ್ದ ಸಾಲುಗಳನ್ನು ಮಾತ್ರ ಬರೆದುಕೊಂಡರೆ ಸೋತವೆಲ್ಲ ಅಪವಾದಗಳೇ.

ನಾಲ್ಕನೆಯ ಸಂಜೆ ಪೂರ್ತಿ ಸಾರಾ ಪೇಲಿನ್ ಅವರಿಗೆ ಮೀಸಲು, ಮತ್ತು ಅದು ಸಾರ್ಥಕವಾಗಿತ್ತು. 2008ರ ಆಗಸ್ಟ್ 29ರಂದು, ತಮಗೆ 72 ತುಂಬಿದ ದಿನವೇ, ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಅಲಾಸ್ಕದ ಗವರ್ನರ್ ಪೇಲಿನ್ ಅವರ ಹೆಸರನ್ನು ಪ್ರಕಟಿಸಿದರು. ಸಪ್ಪೆಯಾಗಿದ್ದ ಪ್ರಚಾರಕ್ಕೆ ಜೀವ ಬಂತು, ಸ್ವಪಕ್ಷದ ಕಾರ್ಯಕರ್ತರು ಹುರುಪುಗೊಂಡರು, ಸೆಪ್ಟೆಂಬರ್ ಮೊದಲ ವಾರದ ಬಳಿಕ ಕೆಲವು ಸಮೀಕ್ಷೆಗಳಲ್ಲಿ ಮೆಕೇನ್ ಮುಂದೆಯೂ ಬಂದರು. ಆದರೆ ಒಬಾಮ ಅನನುಭವಿ ಎಂಬ ತಮ್ಮದೇ ವಾದದ ಮೊನೆಯನ್ನು ಅವರು ಆ ಒಂದು ಆಯ್ಕೆಯಿಂದ ಮೊಂಡು ಮಾಡಿಕೊಂಡಿದ್ದರು. ಮತ ಹಾಕಿ ಹೊರಬಂದವರ ಸಮೀಕ್ಷೆಯಲ್ಲಿ ಹತ್ತರಲ್ಲಿ ಆರು ಮಂದಿಯಷ್ಟು ಜನ ಪೇಲಿನ್ ಅಧ್ಯಕ್ಷ ಸ್ಥಾನಕ್ಕೆ ತಕ್ಕವರಲ್ಲ ಎಂದಿದ್ದರು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿಯಾದದ್ದೇ ಸೋಲಿನ ದೊಡ್ಡ ಕಾರಣವೆಂದು ಅಧ್ಯಾಪಕರು ಮರೆಯದೆ ಸೇರಿಸಿದರು. ಅಧ್ಯಕ್ಷನ ವಯಸ್ಸು ಏರಿದಷ್ಟೂ ಎರಡನೆಯ ಹೆಸರಿನ ಮೇಲೆ ಜನರ ಕಣ್ಣು ಹೆಚ್ಚು ಬೀಳುತ್ತದೆ ಎಂಬುದಕ್ಕೆ 2020ರಲ್ಲಿ 77ರ ಬೈಡನ್ ಆರಿಸಿದ ಕಮಲಾ ಹ್ಯಾರಿಸ್ ಅವರನ್ನೂ ಉದಾಹರಿಸಿದರು.

ಐದನೆಯ ಸಂಜೆಯ 2024 ಅವಸರದಲ್ಲಿ ಮುಗಿಯಿತು. ಹ್ಯಾರಿಸ್ ಅವರು ಟಿಮ್ ವಾಲ್ಜ್ ಬದಲು ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪಿರೊ ಅವರನ್ನು ಆರಿಸಿದ್ದರೆ ಗೆಲ್ಲುತ್ತಿದ್ದರೇ ಎಂಬ ಪ್ರಶ್ನೆಗೆ ಸಭೆಯಲ್ಲಿ ಅರ್ಧ ಗಂಟೆ ಜಗ್ಗಾಟ ನಡೆಯಿತು. ಕೈಪಿಡಿಯ ಕೊನೆಯ ಪುಟದಲ್ಲಿಯೇ ಲೆಕ್ಕವಿತ್ತು: ಹ್ಯಾರಿಸ್ ಅವರ 226ಕ್ಕೆ ಪೆನ್ಸಿಲ್ವೇನಿಯಾದ 19 ಕೂಡಿಸಿದರೆ 245, ಬೇಕಾದುದು 270. ಯಾರೂ ಪುಟ ತಿರುವಲಿಲ್ಲ.

ವ್ಯವಸ್ಥೆಯ ಬಗೆಗೆ ಹೇಳುವುದಾದರೆ, ಮೈಕು ಇಲ್ಲದ ಕೋಣೆಯಲ್ಲಿ ಮಳೆ ಜೋರಾದಾಗ ಹಿಂದಿನ ಮೂರು ಸಾಲುಗಳಿಗೆ ಏನೂ ಕೇಳಿಸುತ್ತಿರಲಿಲ್ಲ. ಕಾಫಿ ಚೆನ್ನಾಗಿತ್ತು. ಧ್ವನಿಮುದ್ರಣ ಕಳುಹಿಸುತ್ತೇವೆಂದು ವಾಟ್ಸಾಪ್ ಗುಂಪಿನಲ್ಲಿ ಮಾತು ಕೊಟ್ಟಿದ್ದರು. ಎರಡು ಬಾರಿ ಕೇಳಿದರೂ ಇನ್ನೂ ಬಂದಿಲ್ಲ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ದೀಪಾವಳಿಯ ಬಳಿಕ ಮುಂದಿನ ತಂಡಕ್ಕೆ ತರಗತಿ ಆರಂಭವಾಗಲಿದೆಯೆಂದು ತಿಳಿಸಿದ್ದಾರೆ. ಸೇರುವವರು ಮುಂದಿನ ಎರಡು ಸಾಲುಗಳಲ್ಲಿ ಜಾಗ ಹಿಡಿಯಿರಿ, ಎರಡನೆಯ ಸಂಜೆಯನ್ನು ತಪ್ಪಿಸಬೇಡಿ, ಮೂರನೆಯ ಸಂಜೆಯ ಕೋಷ್ಟಕಕ್ಕೆ ಸೋತ ರಾಜ್ಯಗಳನ್ನು ಪೆನ್ಸಿಲಿನಲ್ಲಿ ನೀವೇ ಸೇರಿಸಿಕೊಳ್ಳಿ.