ಮೂರು ಬಗೆಯ ವನಸ್ನಾನ: ಮಾರ್ಗದರ್ಶಿಯೊಡನೆ, ಧ್ವನಿಮುದ್ರಿಕೆಯೊಡನೆ, ಒಂಟಿಯಾಗಿ

ರಾತ್ರಿ ಎರಡೂವರೆಗೆ ಎಚ್ಚರವಾದರೆ ಮತ್ತೆ ನಿದ್ರೆ ಹತ್ತದ ತೊಂದರೆ ನನಗೆ ಎರಡು ವರ್ಷಗಳಿಂದ ಇದೆ. ರಕ್ತದೊತ್ತಡಕ್ಕೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ಅದನ್ನು ಬಿಡಬೇಕೆಂಬ ಉದ್ದೇಶದಿಂದ ನಾನು ಕಾಡಿಗೆ ಹೋದವಳಲ್ಲ, ಬಿಟ್ಟೂ ಇಲ್ಲ. ಮರಗಳ ನಡುವೆ ನಿಧಾನವಾಗಿ ನಡೆದು, ಸುಮ್ಮನೆ ಕುಳಿತು ಮನಸ್ಸಿಗೆ ಬಿಡುವು ಕೊಡುವುದೇ ವನಸ್ನಾನ; ಬೆಂಗಳೂರಿನಲ್ಲಿ ಈಚೆಗೆ ಹಲವರು ವನಚಿಕಿತ್ಸೆ ಎಂದು ನಡೆಸುತ್ತಿರುವ ಇಂಥ ನಡಿಗೆಗೆ 1,200 ರೂಪಾಯಿ ಕೊಡುವುದರಿಂದ ನಿಜಕ್ಕೂ ಏನು ಸಿಗುತ್ತದೆ, ಅದೇ ಹೊತ್ತನ್ನು ಮರಗಳ ನಡುವೆ ಒಬ್ಬಳೇ ಕಳೆದರೆ ಏನು ಕಡಿಮೆಯಾಗುತ್ತದೆ ಎಂದು ತಿಳಿಯುವುದಷ್ಟೇ ನನ್ನ ಆಸೆಯಾಗಿತ್ತು. ಶ್ರಾವಣದಿಂದ ಕಾರ್ತಿಕದವರೆಗೆ ಕಬ್ಬನ್ ಉದ್ಯಾನದಲ್ಲಿ ಮಾರ್ಗದರ್ಶಿಯೊಡನೆ ನಾಲ್ಕು ಸಲ, ಲಾಲ್‌ಬಾಗಿನಲ್ಲಿ ಸೂಚನೆ ಹೇಳುವ ಧ್ವನಿಮುದ್ರಿಕೆಯನ್ನು ಫೋನಿನಿಂದ ಕಿವಿಗೆ ಹಾಕಿಕೊಂಡು ನಾಲ್ಕು ಸಲ, ತುರಹಳ್ಳಿ ಕಾಡಿನಲ್ಲಿ ಒಂಟಿಯಾಗಿ ನಾಲ್ಕು ಸಲ, ಪ್ರತಿ ಬಾರಿಯೂ ಸುಮಾರು ಎರಡೂವರೆ ಗಂಟೆ ಕಳೆದೆ. ಹೋಗುವ ಮುಂಚೆ ಮತ್ತು ಬಂದ ಮೇಲೆ ರಕ್ತದೊತ್ತಡ ಅಳೆದು, ಆ ರಾತ್ರಿಯ ನಿದ್ರೆಯನ್ನೂ ಪುಸ್ತಕದಲ್ಲಿ ಬರೆದಿಟ್ಟೆ.

ಈ ಪದ್ಧತಿಯ ತವರು ಜಪಾನ್. ಅಲ್ಲಿನ ಅರಣ್ಯ ಇಲಾಖೆ 1982ರಲ್ಲಿ ಶಿನ್‌ರಿನ್-ಯೋಕು, ಅಂದರೆ ವನಸ್ನಾನ, ಎಂಬ ಹೆಸರನ್ನು ಬಳಕೆಗೆ ತಂದಿತು. ನಂತರ ಅಲ್ಲಿನ ಸಂಶೋಧಕರು 24 ಕಾಡುಗಳಲ್ಲಿ ಯುವಕರನ್ನು ಕೂರಿಸಿ, ನಡೆಸಿ, ಅವರ ಎಂಜಲಿನಲ್ಲಿರುವ ಕಾರ್ಟಿಸಾಲ್ ಎಂಬ ಮಾನಸಿಕ ಒತ್ತಡದ ಹಾರ್ಮೋನು, ನಾಡಿಬಡಿತ ಹಾಗೂ ರಕ್ತದೊತ್ತಡವನ್ನು ನಗರದ ಬೀದಿಯಲ್ಲಿ ಪಡೆದ ಅಳತೆಗಳೊಡನೆ ಹೋಲಿಸಿ, ಕಾಡಿನಲ್ಲಿ ಇವು ಕಡಿಮೆ ಇರುವುದನ್ನು ತೋರಿಸಿದರು. ಟೋಕಿಯೊದ ನಿಪ್ಪಾನ್ ವೈದ್ಯಕೀಯ ವಿಶ್ವವಿದ್ಯಾಲಯದ ಚಿಂಗ್ ಲೀ ಅವರು ಮರಗಳು ಹೊರಸೂಸುವ ಫೈಟಾನ್‌ಸೈಡ್ ಎಂಬ ಆವಿಯ ಅಂಶಗಳು ರೋಗನಿರೋಧಕ ಕಣಗಳ ಚಟುವಟಿಕೆಯನ್ನು ಹೆಚ್ಚಿಸುತ್ತವೆ ಎಂದು ವಾದಿಸಿದರು. ಈ ಫಲಿತಾಂಶಗಳನ್ನು ನಾನು ಗೌರವದಿಂದಲೇ ಓದಿದ್ದೇನೆ. ಆದರೆ ಲೀ ಅವರ ಮೊದಲ ಪ್ರಯೋಗದಲ್ಲಿ ಇದ್ದವರು ಕೇವಲ 12 ಮಂದಿ ಗಂಡಸರು. ಅವರು ಮೂರು ದಿನ ಕೆಲಸ ಬಿಟ್ಟು ಹಳ್ಳಿಗಾಡಿನಲ್ಲಿ ಉಳಿದಿದ್ದರು. ರಜೆಯ ಫಲ ಎಷ್ಟು, ಮರದ ಫಲ ಎಷ್ಟು ಎಂದು ಅಲ್ಲಿ ಬೇರ್ಪಡಿಸುವುದು ಸುಲಭವಲ್ಲ. ಹಿನೋಕಿಯಂಥ ಸೂಚಿಪರ್ಣಿ ಮರಗಳ ನಾಡಿನ ಮಾತನ್ನು ನಮ್ಮ ಮಳೆಮರ, ಹೊಂಗೆ, ಮಹಾಗನಿಗಳಿಗೆ ಹಾಗೆಯೇ ಹೊರಿಸುವುದೂ ಸರಿಯಲ್ಲ.

ಕಬ್ಬನ್ ಉದ್ಯಾನದ ಮೊದಲ ನಡಿಗೆಯಲ್ಲಿ ನಾವು ಎಂಟು ಜನರಿದ್ದೆವು. ಭಾನುವಾರ ಒಳಗೆ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ ಬೆಳಿಗ್ಗೆ ಆರೂವರೆಗೆ ಬಿದಿರುಮೆಳೆಯ ಬಳಿ ಹಕ್ಕಿಗಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಮಾರ್ಗದರ್ಶಿ ಮರಗಳ ಹೆಸರು ಹೇಳುತ್ತಾರೆ, ಗಿಡಮೂಲಿಕೆಯ ಗುಣ ವಿವರಿಸುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಅದೊಂದನ್ನೂ ಮಾಡಲಿಲ್ಲ. ಫೋನುಗಳನ್ನು ಚೀಲಕ್ಕೆ ಹಾಕಿಸಿದರು. ಕಣ್ಣು ಮುಚ್ಚಿ ನಿಂತು ಅತಿ ದೂರದ ಸದ್ದು ಯಾವುದೆಂದು ಹುಡುಕಲು ಹೇಳಿದರು. ಆಮೇಲೆ ಕಾಲು ಗಂಟೆ ಚಲಿಸುತ್ತಿರುವುದನ್ನು ಮಾತ್ರ ನೋಡುತ್ತ ನಡೆಯಿರಿ ಎಂದರು. ಎರಡೂವರೆ ಗಂಟೆಯಲ್ಲಿ ನಾವು ಅರ್ಧ ಕಿಲೋಮೀಟರು ಸಹ ದಾಟಲಿಲ್ಲ. ಮೊದಲ ಇಪ್ಪತ್ತು ನಿಮಿಷ ನನ್ನ ಮೈಯೆಲ್ಲ ಚಡಪಡಿಸುತ್ತಿತ್ತು. ನಂತರ ಒಂದು ಮಳೆಮರದ ಬುಡದಲ್ಲಿ ಇಪ್ಪತ್ತೈದು ನಿಮಿಷ ಸುಮ್ಮನೆ ಕೂರಲು ಬಿಟ್ಟಾಗ, ತೊಗಟೆಯ ಬಿರುಕಿನಲ್ಲಿ ಕಟ್ಟಿರುವೆಗಳ ಸಾಲು ಒಂದೇ ಜಾಗದಲ್ಲಿ ಪ್ರತಿ ಸಲವೂ ಸುತ್ತುಹಾಕುವುದನ್ನು ಕಂಡೆ. ಅಲ್ಲೊಂದು ಅಂಟಿನ ಹನಿ ಇತ್ತು. ಅದನ್ನು ಕಂಡುಹಿಡಿಯುವಷ್ಟು ಹೊತ್ತು ಆಫೀಸು, ಮಗನ ಸಾಲ, ಅಮ್ಮನ ಮೊಣಕಾಲು ಯಾವುದೂ ನೆನಪಾಗಿರಲಿಲ್ಲ ಎಂಬುದು ಎದ್ದ ಮೇಲೆ ತಿಳಿಯಿತು.

ಮಾರ್ಗದರ್ಶಿ ಕೊಡುವುದು ಕಾಡಿನ ತಿಳಿವಳಿಕೆಯನ್ನಲ್ಲ. ಗಡಿಯಾರ ನೋಡುವ ಹೊಣೆಯನ್ನು ಅವರು ನಮ್ಮಿಂದ ಇಳಿಸಿಕೊಳ್ಳುತ್ತಾರೆ. ಯಾವಾಗ ಏಳಬೇಕು, ಎಲ್ಲಿಗೆ ಹೋಗಬೇಕು, ಹೀಗೆ ನಿಂತರೆ ನೋಡುವವರು ಏನೆಂದುಕೊಂಡಾರು ಎಂಬ ಮೂರೂ ಚಿಂತೆ ಬೇರೊಬ್ಬರ ಹೆಗಲಿಗೆ ಹೋದಾಗ ಮನಸ್ಸು ಬಿಡುವಾಗುತ್ತದೆ. ಮೂರನೆಯದು ನಮ್ಮಲ್ಲಿ ದೊಡ್ಡದು: ಐವತ್ತು ದಾಟಿದ ಹೆಂಗಸು ಉದ್ಯಾನದಲ್ಲಿ ಮರಕ್ಕೆ ಅಂಗೈ ಒತ್ತಿ ಹತ್ತು ನಿಮಿಷ ನಿಲ್ಲುವುದು ಗುಂಪಿನಲ್ಲಿದ್ದಾಗ ಮಾತ್ರ ಸಾಧ್ಯವಾಯಿತು. ಕೊರತೆಗಳೂ ಇದ್ದವು. ಪ್ರತಿ ಹಂತದ ನಂತರ ವೃತ್ತವಾಗಿ ನಿಂತು ಅನುಭವ ಹೇಳಬೇಕೆಂಬ ಕ್ರಮ ನನಗೆ ಭಾರವಾಯಿತು; ಮಾತಾಡುವ ಸರದಿಗೆಂದು ಕೈಗೆ ಬರುವ ಕಲ್ಲನ್ನು ಏನೂ ಹೇಳದೆ ಪಕ್ಕದವರಿಗೆ ದಾಟಿಸಬಹುದು ಎಂಬ ಅವಕಾಶವಿದ್ದರೂ ಮೌನವಾಗಿದ್ದವರತ್ತ ಎಲ್ಲರ ಕಣ್ಣು ತಿರುಗುತ್ತಿತ್ತು. ಮೂರನೆಯ ನಡಿಗೆಗೆ 17 ಜನ ಸೇರಿದ್ದರು, ಅಂದು ನನಗೆ ಏನೂ ದಕ್ಕಲಿಲ್ಲ.

ಧ್ವನಿಮುದ್ರಿಕೆಯ ಬಗೆಗೆ ಹೆಚ್ಚು ಬರೆಯುವುದಕ್ಕಿಲ್ಲ. ದುಡ್ಡು ಬೇಕಿಲ್ಲ, ಹೊತ್ತು ನಮ್ಮದು, ಮತ್ತು ಲಾಲ್‌ಬಾಗಿನ ಬೂರುಗದ ಬೇರುಗಳ ಮುಂದೆ ಯಾವ ದನಿಯೂ ಸ್ವಲ್ಪ ಹಿತವಾಗಿಯೇ ಕೇಳುತ್ತದೆ. ಆದರೆ ಕೇಳುವ ಕಿವಿಯನ್ನೇ ಅದು ಮುಚ್ಚಿಬಿಡುತ್ತದೆ. ಹರಿಯುವ ನೀರಿನತ್ತ ಗಮನ ಕೊಡಿ ಎಂದು ದನಿ ಹೇಳುವಾಗ ನಾನು ಬಂಡೆಯ ಮೇಲಿದ್ದೆ. ಫೋನು ಕೈಯಲ್ಲಿದ್ದ ಕಾರಣ ಎರಡು ಸಲ ಸಂದೇಶಗಳಿಗೆ ಉತ್ತರಿಸಿದೆ.

ತುರಹಳ್ಳಿ ಇವೆರಡಕ್ಕಿಂತ ಕಾಡಿಗೆ ಹತ್ತಿರ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಗೆ ಸುತ್ತಲಿನ ನಿವಾಸಿಗಳು ಅಡ್ಡನಿಂತದ್ದರಿಂದ ಅದು ಇಂದಿಗೂ ಕುರುಚಲು, ನೀಲಗಿರಿ, ಬಂಡೆಗಳ ಕಾಡಾಗಿಯೇ ಉಳಿದಿದೆ; ಆ ಹೋರಾಟಕ್ಕೆ ನಾನು ಕೃತಜ್ಞಳು. ಹಾಗಿದ್ದೂ ಮೊದಲ ಎರಡು ಸಲ ಅಲ್ಲಿ ನನಗೆ ಸಿಕ್ಕಿದ್ದು ವ್ಯಾಯಾಮ ಮಾತ್ರ. ನಾಲ್ಕು ಕಿಲೋಮೀಟರು ಬಿರುಸಾಗಿ ನಡೆದು, ತಲೆಯೊಳಗೆ ಆಫೀಸಿನ ವಾದಗಳನ್ನು ಗೆದ್ದು ಮನೆಗೆ ಬಂದೆ. ಮೂರನೆಯ ಭೇಟಿಯ ವೇಳೆಗೆ ಕಬ್ಬನ್ ಉದ್ಯಾನದ ಎರಡು ನಡಿಗೆ ಮುಗಿದಿದ್ದವು. ಅಲ್ಲಿ ಕಲಿತಂತೆ ಫೋನನ್ನು ಮನೆಯಲ್ಲೇ ಬಿಟ್ಟು, ಗೇಟಿನಿಂದ ಇನ್ನೂರು ಹೆಜ್ಜೆಯ ಒಳಗೇ ಬಂಡೆಯೊಂದನ್ನು ಆರಿಸಿಕೊಂಡು ಕುಳಿತೆ. ನವಿಲಿನ ಕೂಗು, ಮಳೆ ನಿಂತ ಮೇಲೆ ಏಳುವ ಮಣ್ಣಿನ ವಾಸನೆ, ದೂರದಲ್ಲಿ ರಸ್ತೆಯ ಮೊರೆತ. ಯಾರಿಗೂ ಏನೂ ಹೇಳಬೇಕಿರಲಿಲ್ಲ. ಆ ದಿನದ ಬಿಡುವು ಗುಂಪಿನಲ್ಲಿ ಸಿಕ್ಕದ್ದಕ್ಕಿಂತ ಆಳವಾಗಿತ್ತು ಎಂದು ಪುಸ್ತಕದಲ್ಲಿ ಬರೆದಿದ್ದೇನೆ, ಈಗಲೂ ಹಾಗೇ ಅನಿಸುತ್ತದೆ. ಒಂಟಿ ಹೆಂಗಸರಿಗೆ ಒಂದು ಮಾತು: ಜನ ಓಡಾಡುವ ಬೆಳಗಿನ ಹೊತ್ತಿನಲ್ಲೇ ಹೋಗಿ, ಗೇಟಿನ ಕಣ್ಣಳತೆಯಲ್ಲೇ ಕೂತುಕೊಳ್ಳಿ. ಹಿಂದೆ ಯಾರೋ ಬಂದಂತಾಗುವ ಅಂಜಿಕೆ ಇದ್ದರೆ ಯಾವ ವನವೂ ಚಿಕಿತ್ಸೆಯಾಗದು.

ಇನ್ನು ಅಂಕಿಗಳು. ರಕ್ತದೊತ್ತಡದ ಮೇಲಿನ ಸಂಖ್ಯೆ ಮಾರ್ಗದರ್ಶಿಯೊಡನೆ ಸರಾಸರಿ 9ರಷ್ಟು, ಒಂಟಿಯಾಗಿ 7ರಷ್ಟು, ಧ್ವನಿಮುದ್ರಿಕೆಯೊಡನೆ 3ರಷ್ಟು ಇಳಿದಿತ್ತು. ಇದರಿಂದ ಹಿಗ್ಗುವ ಮೊದಲು ಎರಡು ಭಾನುವಾರ ಮನೆಯ ಬಾಲ್ಕನಿಯಲ್ಲಿ, ಫೋನಿಲ್ಲದೆ, ಅಷ್ಟೇ ಹೊತ್ತು ಸುಮ್ಮನೆ ಕುಳಿತು ನೋಡಿದೆ. ಅಲ್ಲಿಯೂ 5 ಇಳಿಯಿತು. ಅಂದರೆ ಇಳಿಕೆಯ ದೊಡ್ಡ ಪಾಲು ಕುಳಿತದ್ದರಿಂದ, ಸುಮ್ಮನಿದ್ದುದರಿಂದ ಬಂದದ್ದು. ನಿದ್ರೆಯ ಲೆಕ್ಕ ಬೇರೆಯಾಗಿತ್ತು: ಬಾಲ್ಕನಿಯ ಎರಡೂ ರಾತ್ರಿ ಎಂದಿನಂತೆ ಎಚ್ಚರವಾಯಿತು, ಮಾರ್ಗದರ್ಶಿಯೊಡನೆ ಹೋದ ನಾಲ್ಕರಲ್ಲಿ ಮೂರು ರಾತ್ರಿ ಮತ್ತು ತುರಹಳ್ಳಿಯ ಕೊನೆಯ ಎರಡು ರಾತ್ರಿ ಬೆಳಗಿನವರೆಗೆ ಮಲಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮರಗಳ ನಡುವೆ 90 ನಿಮಿಷ ನಡೆದವರಲ್ಲಿ ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಪ್ರವೃತ್ತಿ ತಗ್ಗಿತ್ತು. ವಾಹನ ದಟ್ಟಣೆಯ ರಸ್ತೆಯಲ್ಲಿ ನಡೆದವರಲ್ಲಿ ತಗ್ಗಿರಲಿಲ್ಲ. ನನ್ನ ಎರಡೂವರೆಯ ಎಚ್ಚರ ಆ ಮೆಲುಕಿನದೇ ಮಗು. ಒಬ್ಬಳ ಹದಿನಾಲ್ಕು ದಿನಗಳ ಟಿಪ್ಪಣಿಯಿಂದ ಏನೂ ಸಿದ್ಧವಾಗುವುದಿಲ್ಲ, ಆದರೂ ನನ್ನ ಮಟ್ಟಿಗೆ ಲಾಭ ಇರುವುದು ನಿದ್ರೆಯಲ್ಲಿ, ಒತ್ತಡದ ಅಂಕಿಯಲ್ಲಲ್ಲ.

ದೀಪಾವಳಿಗೆ ಸಿದ್ದಾಪುರದ ಕಡೆಯ ತವರಿಗೆ ಹೋದಾಗ ಅತ್ತಿಗೆಯೊಡನೆ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದೆ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರಲು ಹಿಂದಿನಿಂದ ಬಿಟ್ಟುಕೊಂಡು ಬಂದ ಕಾಡು ಅದು. ಅವಳು ಕೆಲಸ ಮಾಡುತ್ತಿದ್ದಳು, ನಾನು ಕೂರಲು ಜಾಗ ಹುಡುಕುತ್ತಿದ್ದೆ. ನೆಲದ ಮೇಲೆ ಕೂರಬೇಡ ಎಂದು ಅವಳು ತಡೆದಳು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಮಳೆ ಹಿಂದೆಗೆದ ಮೇಲೆ ಬೇಸಿಗೆಯ ಕೊನೆಯವರೆಗೆ ಅದರ ಕಾಲ. ಮಣ್ಣಿನ ಮೇಲೆ ಮಲಗಿ, ಎಲೆಗಳನ್ನು ಮೈಮೇಲೆ ಸುರಿದುಕೊಳ್ಳಿ ಎಂದು ಹೊರನಾಡಿನ ಕೈಪಿಡಿಗಳು ಹೇಳುವುದನ್ನು ಮಲೆನಾಡಿನಲ್ಲಿ ಕಣ್ಣುಮುಚ್ಚಿ ಪಾಲಿಸಬಾರದು. ಇಲ್ಲಿ ನಡಿಗೆ ಏರ್ಪಡಿಸುವವರನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಉಣುಗಿನ ಬಗ್ಗೆ ಏನು ಎಚ್ಚರ ವಹಿಸಿದ್ದೀರಿ ಎಂಬುದು. ಗುಂಪಿನಲ್ಲಿ ಎಷ್ಟು ಜನ ಎಂಬುದು ಎರಡನೆಯದು. ಹತ್ತು ಮೀರಿದರೆ ನಾನು ಹೋಗುವುದಿಲ್ಲ.

ಎಂದೂ ಸುಮ್ಮನೆ ಕೂತು ಅಭ್ಯಾಸವಿಲ್ಲದವರು ಮೊದಲ ಎರಡು ಸಲ ಮಾರ್ಗದರ್ಶಿಗೆ ಹಣ ಕೊಡುವುದು ಸಾರ್ಥಕ ಎಂದೇ ನನ್ನ ಅಭಿಪ್ರಾಯ; ಆಮೇಲೆ ಆ ಹಣ ಬಸ್ಸಿಗಾದರೆ ಸಾಕು. ಧ್ವನಿಮುದ್ರಿಕೆಯನ್ನು ಅಳಿಸಿದ್ದೇನೆ. ಈಗ ವಾರಕ್ಕೊಮ್ಮೆ ತುರಹಳ್ಳಿಯ ಅದೇ ಬಂಡೆಗೆ ಹೋಗುತ್ತೇನೆ, ಎರಡು ತಿಂಗಳಿಗೊಮ್ಮೆ ಸಣ್ಣ ಗುಂಪೊಂದನ್ನು ಸೇರುತ್ತೇನೆ. ತವರಿನ ಬೆಟ್ಟದಲ್ಲಿ ಅತ್ತಿಗೆಯ ಜೊತೆ ಕೂರುವುದು ಮಾತ್ರ ಮುಂದಿನ ಮಳೆ ಹಿಡಿದ ಮೇಲೆ, ಕಂಬಳಿಕೊಪ್ಪೆ ಹೊದ್ದು, ಇಂಬಳಕ್ಕೆ (ಕಾಡಿನ ಜಿಗಣೆಗೆ) ಕಾಲಿಗೆ ಸುಣ್ಣ ಹಚ್ಚಿಕೊಂಡು.